ದುರುಗಣ್ಣನ ಕಡೇ ನೀರು

ಮುಂಗೋಪಿ ಅನ್ನಲಿ, ಜಗಳಗಂಟ ಅನ್ನಲಿ, ನಾಲ್ಕನೇ ಕ್ಲಾಸಿಗೇ ಸಾಲೆ ಬಿಟ್ಟವನು ಅನ್ನಲಿ, ಮಡಿವಾಳರ ದುರುಗಣ್ಣ ತಿರುಗಿ ಎರಡು ಮಾತು ಬೈದು ಸಂಜೆಯೊಳಗೆ ಮರೆತುಬಿಡುತ್ತಾನೆ. ಹೊಲಸು ಅನ್ನುವ ಒಂದು ಮಾತನ್ನು ಮಾತ್ರ ಅವನು ಇವತ್ತಿಗೂ ಮರೆತಿಲ್ಲ. ಆ ಮಾತು ಅಂದವರು ಡಾಕ್ಟರ್ ವಿರೂಪಾಕ್ಷಪ್ಪನವರು. ಬಳ್ಳಾರಿಯ ಒಂದು ಕಾಲೇಜಿನ ಹಿಂಭಾಗದ ಪ್ರಯೋಗಶಾಲೆಯಲ್ಲಿ, ಬಂದವರು ಹೋದವರ ಎದುರಿಗೆ, ಇವನು ತೊಳೆದಿಟ್ಟ ಗಾಜಿನ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂದಿದ್ದರು:

“ಅಗಸರ ಹೊಟ್ಟ್ಯಾಗ ಹುಟ್ಟಿ ಒಂದು ಬಾಟ್ಲಿ ತೊಳಿಯಾಕ ಬರಂಗಿಲ್ಲೇನೋ ನಿನಗ? ನೋಡಿಲ್ಲಿ, ಹೊಲಸು ಹ್ಯಾಂಗ ಹತ್ತೇತಿ!”

ಕಪಾಳಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆ ದಿನದ ಕೂಲಿ ಕತ್ತರಿಸಿದ್ದರೂ ನಡೆಯುತ್ತಿತ್ತು. ಕುರುಗೋಡಿನಲ್ಲಿ ಅವನ ಮನೆತನದವರು ಮುತ್ತಜ್ಜನ ಕಾಲದಿಂದ ಊರಿನ ಬಟ್ಟೆ ಒಗೆದವರು. ಬಾಣಂತಿಯರ ಬಟ್ಟೆ, ಸತ್ತವರ ಬಟ್ಟೆ, ಮದುಮಗಳ ಸೀರೆ, ಯಾವುದರಲ್ಲೂ ಒಂದು ಕಲೆ ಉಳಿಸಿ ಕೊಟ್ಟ ಮನೆಯಲ್ಲ ಅದು. ಅಂಥವನಿಗೆ ಹೊಲಸು ಅಂದರೆ ಹೇಗಾಗಬೇಡ?

ಬಟ್ಟೆ ಒಗೆಯುವುದರಲ್ಲಿ ಗುಟ್ಟೇನೂ ಇಲ್ಲ. ಚೌಳು ಮಣ್ಣಿನ ನೀರಿನಲ್ಲಿ ನೆನೆಸುವುದು, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸುವುದು, ಕಲ್ಲಿಗೆ ಬಡಿಯುವುದು ಯಾರಿಗಾದರೂ ಬರುತ್ತದೆ. ಗುಟ್ಟಿರುವುದು ಕಡೇ ನೀರಿನಲ್ಲಿ. ಎಲ್ಲ ಮುಗಿದ ಮೇಲೆ ಕೊನೆಯದಾಗಿ ಜಾಲಾಡುವ ನೀರಿಗೆ ಏನು ಬೆರೆಸುತ್ತಾರೆ ಅನ್ನುವುದು ಒಂದೊಂದು ಮನೆಗೆ ಒಂದೊಂದು. ಒಬ್ಬರದು ನೀಲಿ, ಒಬ್ಬರದು ಗಂಜಿ. ದುರುಗಣ್ಣನ ತಾಯಿ ಗಾದೆಮ್ಮ ರೇಷ್ಮೆ ಸೀರೆಗಳ ಕಡೇ ನೀರಿಗೆ ಅಂಟುವಾಳದ ನೊರೆಯನ್ನು ಚೂರೇ ಚೂರು ಬಿಡುತ್ತಿದ್ದಳು. ನೀರು ಹನಿಯಾಗಿ ನಿಲ್ಲದೆ ಸರ್ರನೆ ಜಾರಿ ಹೋಗುತ್ತಿತ್ತು, ಜರಿ ಫಳಫಳ ಹೊಳೆಯುತ್ತಿತ್ತು. ಇದನ್ನು ಇನ್ನೊಂದು ಮನೆಯವರಿಗೆ ಹೇಳುವ ಪದ್ಧತಿ ಇಲ್ಲ. ಬಂದ ಸೊಸೆಗೂ ವರ್ಷಾನುಗಟ್ಟಲೆ ಹೇಳುವುದಿಲ್ಲ. ಕಡೇ ನೀರು ಹೇಳಿಕೊಟ್ಟರೆ ಕೈಗುಣ ಹೋಗುತ್ತದೆ ಅನ್ನುವುದು ಅವರ ನಂಬಿಕೆ.

ಟೆರಿಲಿನ್ ಬಟ್ಟೆ ಬಂದು, ಪೊಟ್ಟಣದ ಸೋಪಿನ ಪುಡಿ ಮನೆಮನೆಗೆ ಬಂದು, ಊರಿನಲ್ಲಿ ಒಗೆಯುವ ಕೆಲಸ ಕಡಿಮೆಯಾದಾಗ ದುರುಗಣ್ಣ ಹೆಂಡತಿ ಉಚ್ಚೆಂಗೆಮ್ಮನನ್ನು ಕರೆದುಕೊಂಡು ಬಳ್ಳಾರಿಗೆ ಬಂದ. ಗಾಂಧಿನಗರದ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದ. ಕಾಲೇಜಿನಲ್ಲಿ ಗಾಜಿನ ಸಾಮಾನು ತೊಳೆಯುವ ದಿನಗೂಲಿ ಸಿಕ್ಕಿತು. ಅಗಸನಿಗೆ ತೊಳೆಯುವ ಕೆಲಸವೇ ಸಿಕ್ಕಿತಲ್ಲ ಎಂದು ನಕ್ಕವರೂ ಇದ್ದರು. ಇವನು ನಗಲಿಲ್ಲ. ಕೆಲಸ ಸುಲಭವೇನೂ ಆಗಿರಲಿಲ್ಲ. ಬಳ್ಳಾರಿಯ ಬೋರಿನ ನೀರು ಎಂಥದೆಂದು ಕುಡಿದವರಿಗೆ ಗೊತ್ತು. ಗಾಜಿನ ಮೇಲೆ ಆರಿತೆಂದರೆ ಸುಣ್ಣದ ಹನಿ ಸಿಡಿದಂತೆ ಬಿಳಿ ಬಿಳಿ ಚುಕ್ಕೆ. ಭಟ್ಟಿ ಇಳಿಸಿದ ನೀರಿನಲ್ಲಿ ಕೊನೆಗೊಮ್ಮೆ ತೊಳೆಯಬೇಕು ಅನ್ನುವುದು ನಿಯಮ. ಆದರೆ ಕರೆಂಟು ಇದ್ದರೆ ಭಟ್ಟಿಯಲ್ಲಿ ನೀರಿಲ್ಲ, ನೀರಿದ್ದರೆ ಕರೆಂಟಿಲ್ಲ. ಇದ್ದಷ್ಟು ನೀರನ್ನು ಔಷಧ ಕಲಸುವವರೇ ಒಯ್ಯುತ್ತಿದ್ದರು. ಆಗಿದ್ದ ದೊಡ್ಡ ಸಾಹೇಬರು ಆ ಬಿಳಿ ಚುಕ್ಕೆ ನೋಡಿ ದಿನಾ ಬೈಯುವವರು. ಬೈಸಿಕೊಂಡು ಬೈಸಿಕೊಂಡು ಸಾಕಾಗಿ ದುರುಗಣ್ಣ ತಾಯಿಯ ವಿದ್ಯೆಯನ್ನು ಹೊರಗೆ ತೆಗೆದ. ಕಡೇ ಬಕೆಟ್ಟಿನ ನೀರಿಗೆ ಒಂದು ಚಿಟಿಕೆ ಸೋಪಿನ ಪುಡಿ. ನೀರು ಗಾಜಿನಿಂದ ಜಾರಿತು, ಚುಕ್ಕೆ ಮಾಯವಾಯಿತು. “ಭೇಷ್, ಈಗ ಕೆಲಸ ಕಲ್ತಿ ನೋಡು,” ಅಂದರು ಸಾಹೇಬರು. ಹೇಗೆ ಮಾಡಿದೆ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಆ ಸಾಹೇಬರು ನಿವೃತ್ತಿಯಾಗಿ ಹೋದರು, ವಿರೂಪಾಕ್ಷಪ್ಪನವರು ಬಂದರು. ಚಿಟಿಕೆ ಮಾತ್ರ ನಿಲ್ಲಲಿಲ್ಲ.

ಎಂಬತ್ತರ ದಶಕ ಅರ್ಧಕ್ಕೆ ಬಂದಿತ್ತು. ದುರುಗಣ್ಣ ಇನ್ನೂ ದಿನಗೂಲಿಯೇ. ಜ್ವರ ಬಂದು ಮಲಗಿದರೆ ಕೂಲಿ ಇಲ್ಲ, ಹಬ್ಬಕ್ಕೆ ಬಾಗಿಲು ಹಾಕಿದರೆ ಕೂಲಿ ಇಲ್ಲ. ಇವನ ಹಿಂದೆ ಬಂದವರು ಯಾರ್ಯಾರದೋ ಕೈಕಾಲು ಹಿಡಿದು ಖಾಯಂ ಆಗಿ, ಖಾಕಿ ಅಂಗಿ ಹಾಕಿಕೊಂಡು ಇವನಿಗೇ “ಏಯ್ ದುರುಗಾ” ಅನ್ನುವಂತಾಗಿದ್ದರು. ಆ ವರ್ಷ ಕೊನೆಗೂ ಇವನ ಹೆಸರು ಮೇಲೆ ಹೋಗುವ ಮಾತು ಬಂತು. ವಿರೂಪಾಕ್ಷಪ್ಪನವರು “ಈತ ಬೇಕು” ಎಂದು ಒಂದು ಸಹಿ ಹಾಕಿದರೆ ಖಾಯಂ. ಹಾಕದಿದ್ದರೆ ವಯಸ್ಸು ಮೀರುತ್ತದೆ, ಮತ್ತೆ ಆ ಮಾತಿಲ್ಲ.

“ನಿನ್ನ ಸಿಟ್ಟು ಒಂದು ಗಂಟು ಕಟ್ಟಿ ಗೂಡಿನ್ಯಾಗ ಇಡು,” ಅಂದಿದ್ದಳು ಉಚ್ಚೆಂಗೆಮ್ಮ. “ಖಾಯಂ ಆದ ಮ್ಯಾಲ ಬಿಚ್ಚುವಂತಿ. ಆಗ ಬೇಕಾದ್ರ ಇಡೀ ಕಾಲೇಜು ಸುಟ್ಟುಬಿಡು, ನಾನೇ ಕಡ್ಡಿ ಗೀರಿ ಕೊಡತೀನಿ.”

ಇಂಥ ಹೊತ್ತಿನಲ್ಲಿ ಅಕ್ಕನಾಗಮ್ಮ ಪ್ರಯೋಗಶಾಲೆಗೆ ಬಂದಳು. ಸಿರುಗುಪ್ಪದ ನೆಲ್ಲಿನ ವ್ಯಾಪಾರಿ ಕೊಟ್ರಬಸಪ್ಪನವರ ಮಗಳು. ಎಂ.ಎಸ್ಸಿ. ಮುಗಿಸಿ, ವಿರೂಪಾಕ್ಷಪ್ಪನವರ ಕೈಕೆಳಗೆ ಸಂಶೋಧನೆಗೆಂದು ಸೇರಿದವಳು. ಸಣ್ಣ ಮೈ, ದೊಡ್ಡ ಕನ್ನಡಕ, ಹಣೆಯ ಮೇಲೆ ಸಣ್ಣ ವಿಭೂತಿ. ಬಂದ ಮೊದಲ ದಿನವೇ ದುರುಗಣ್ಣನಿಗೆ “ರಿ” ಹಚ್ಚಿ ಮಾತಾಡಿದಳು. ಆ ಕಟ್ಟಡದಲ್ಲಿ ಅವನಿಗೆ ಯಾರೂ “ರಿ” ಅಂದಿರಲಿಲ್ಲ. ಅವನು ಮೊದಲು ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಅಂದಳೇನೋ ಎಂದು.

ದಿನಾ ಬೆಳಿಗ್ಗೆ ಐಸ್ ಫ್ಯಾಕ್ಟರಿಯಿಂದ ಗೋಣಿಚೀಲದಲ್ಲಿ ನೆಲ್ಲಿನ ಹೊಟ್ಟು ಮುಚ್ಚಿದ ಐಸು ತರುವುದು ದುರುಗಣ್ಣನ ಕೆಲಸವಾಯಿತು. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬರುವಷ್ಟರಲ್ಲಿ ಅರ್ಧ ಕರಗಿ ದಾರಿಯುದ್ದಕ್ಕೂ ಗೆರೆ ಎಳೆಯುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿದ:

“ಅಲ್ರಿ ಅಮ್ಮಾರ, ದಿನಾ ಐಸು, ದಿನಾ ಬಿಸಿನೀರು. ಒಮ್ಮಿ ತಣ್ಣಗ ಮಾಡತೀರಿ, ಒಮ್ಮಿ ಬಿಸಿ ಮಾಡತೀರಿ. ಏನು ಆಟ ಇದು?”

ಅಕ್ಕನಾಗಮ್ಮ ನಕ್ಕಳು. “ಬಾಯಿ ಕಚ್ಚಿಕೊಂಡ ಕೂಸಿಗೆ ಔಷಧ ಕುಡಿಸೋ ಆಟರಿ. ರಾರಾವಿ ಕಡೆ ಟೈಫಾಯಿಡ್ ಬಂದೈತಲ್ಲ, ಯಾವಾಗ್ಲೂ ಕೊಡೋ ಗುಳಿಗಿಗೆ ಅದು ಬಗ್ಗವಲ್ದು. ಆ ಜ್ವರದ ಹುಳದ ಹೊಟ್ಟ್ಯಾಗ ಡಿಎನ್‌ಎದ ಒಂದು ಸಣ್ಣ ಉಂಗುರ ಐತಿ, ಅದಕ್ಕೇ ಔಷಧ ನಾಟಂಗಿಲ್ಲ ಅಂತ ಸರ್ ಅಂತಾರ. ಆ ಉಂಗುರ ತೆಗದು, ಯಾರಿಗೂ ಕೇಡು ಮಾಡದ ನಮ್ಮ ಸಾಕಿದ ಹುಳದ ಒಳಗ ಹಾಕಬೇಕು. ಈ ಸಾಧು ಹುಳಾನೂ ಔಷಧಕ್ಕ ಸಾಯದ ನಿಂತ್ರ, ಕಳ್ಳ ಆ ಉಂಗುರಾನೇ ಅಂತ ಗೊತ್ತಾತು.”

“ಹಾಕ್ರಿ ಮತ್ತ. ಅದಕ್ಯಾಕ ಇಷ್ಟು ಪಂಚಾಯ್ತಿ?”

“ಹಾಕಾಕ ಅದಕ್ಕ ಬಾಯಿ ಎಲ್ಲೈತ್ರಿ? ಕ್ಯಾಲ್ಸಿಯಂ ಉಪ್ಪಿನ ನೀರಿನ್ಯಾಗ, ಐಸಿನ ಮ್ಯಾಲ ಕುಂದರಿಸಬೇಕು. ಮೈ ಮರಗಟ್ಟಿದಾಗ ಒಮ್ಮಿಂದೊಮ್ಮೆ ಬಿಸಿ ಮುಟ್ಟಿಸಿದ್ರ ಬೆಚ್ಚಿಬಿದ್ದು ಒಂದು ಗಳಿಗಿ ಸಂದು ಬಿಡತೈತಿ. ಆ ಸಂದಿನ್ಯಾಗ ಹೊರಗಿನ ಉಂಗುರ ಒಳಗ ಹೋಗಬೇಕು. ಲಕ್ಷ ಹುಳದಾಗ ಒಂದು ತಗೊಂಡ್ರ ನಮ್ಮ ಪುಣ್ಯ. ಅದನ್ನ ಹೆಚ್ಚು ಮಾಡೋದೇ ನನ್ನ ಕೆಲಸ.”

“ಬಿಸಿ ಮುಟ್ಟಿಸಾಕ ಆ ಕರೆಂಟಿನ ಡಬ್ಬಿ ಯಾಕ್ರಿ? ಹೊರಗ ಕಟ್ಟಿ ಮ್ಯಾಲ ಇಡ್ರಿ. ಬಳ್ಳಾರಿ ಬಿಸಿಲು ಹುಳಕ್ಕಲ್ಲ, ಹುಳದ ಅಪ್ಪಗ ಮುಟ್ಟತೈತಿ.”

ಹುಳ ಉಂಗುರ ತೆಗೆದುಕೊಂಡಿತೋ ಇಲ್ಲವೋ ಎಂದು ತಿಳಿಯುವುದು ಮರುದಿನ. ಔಷಧ ಬೆರೆಸಿ ಹೆಪ್ಪುಗಟ್ಟಿಸಿದ ಗಾಜಿನ ತಟ್ಟೆಯ ಮೇಲೆ ಹುಳ ಸವರಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಉಂಗುರ ತೆಗೆದುಕೊಂಡ ಹುಳ ಮಾತ್ರ ಬದುಕಿ, ಮರಿ ಹಾಕಿ, ಕೆನೆಬಣ್ಣದ ಚುಕ್ಕೆಯಾಗಿ ಕಾಣಬೇಕು. ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆಗೆಯುವಾಗ ಅವಳ ಮುಖ ನೋಡಿದರೆ ಸಾಕು, ತಟ್ಟೆ ನೋಡಬೇಕಾಗಿರಲಿಲ್ಲ. ಕೆಲವು ವಾರ ಒಂದೆರಡು ಚುಕ್ಕೆ. ಕೆಲವು ವಾರ ಅದೂ ಇಲ್ಲ. ರಾರಾವಿಯಿಂದ ತಂದ ಹುಳದಿಂದ ತೆಗೆದ ಉಂಗುರಗಳಾದರೋ ಬಲು ಕಡಿಮೆ, ವ್ಯರ್ಥ ಮಾಡುವಂತಿರಲಿಲ್ಲ.

ಅವಳು ಏನೇನು ಮಾಡಲಿಲ್ಲ? ಹುಳ ಎಳೆಯದಿದ್ದಾಗ ತೆಗೆದು ನೋಡಿದಳು, ಬಲಿತ ಮೇಲೆ ತೆಗೆದು ನೋಡಿದಳು. ಐಸಿನಲ್ಲಿ ಇಡುವ ಹೊತ್ತು ಹೆಚ್ಚಿಸಿದಳು. ಬಿಸಿ ಒಂದು ಚೂರು ಏರಿಸಿದಳು, ಇಳಿಸಿದಳು. ಉಪ್ಪು ಬದಲಿಸಿದಳು. ಐಸಿನ ಮೇಲೆ ಸಂಶಯ, ಕರೆಂಟಿನ ಮೇಲೆ ಸಂಶಯ, ಕೊನೆಗೆ ತನ್ನ ಕೈ ಮೇಲೇ ಸಂಶಯ. ವಿರೂಪಾಕ್ಷಪ್ಪನವರು ದಿನಾ ಬಂದು “ಏನಾತಮ್ಮಾ?” ಅನ್ನುವರು. ಅವಳು “ಇನ್ನೂ ಇಲ್ಲ ಸರ್” ಅನ್ನುವಳು. ಕೇಳಿ ಕೇಳಿ ಅವರಿಗೂ ಬೇಸರ, ಹೇಳಿ ಹೇಳಿ ಇವಳಿಗೂ ಬೇಸರ. ಹೊರಗೆ ತೊಟ್ಟಿಯ ಹತ್ತಿರ ಕೂತು ಗಾಜು ತಿಕ್ಕುತ್ತಿದ್ದ ದುರುಗಣ್ಣನಿಗೆ ಇಬ್ಬರ ದನಿಯೂ ಕೇಳಿಸುತ್ತಿತ್ತು.

ಅಂಥದ್ದೊಂದು ದಿನವೇ ಸಾಹೇಬರು ಸಿಟ್ಟಿನಿಂದ ಫ್ಲಾಸ್ಕನ್ನು ಬೆಳಕಿಗೆ ಹಿಡಿದದ್ದು. ಗಾಜಿನ ಒಳಮೈಯಲ್ಲಿ ತೆಳ್ಳಗೆ ಮಂಜು ಕಟ್ಟಿದಂಥ ಒಂದು ಪೊರೆ ಕಂಡಿತು. ಆಗಲೇ ಆ ಮಾತು ಬಂದದ್ದು.

ದುರುಗಣ್ಣನ ಕಿವಿ ಬಿಸಿಯಾದವು. ಬಾಯಿಗೆ ಬಂದ ಮಾತು ಒಂದಲ್ಲ, ಹತ್ತು. ಗೂಡಿನಲ್ಲಿ ಕಟ್ಟಿಟ್ಟ ಗಂಟು ನೆನಪಾಗಿ ಹಲ್ಲು ಕಚ್ಚಿ ನಿಂತ. ಮರುದಿನದಿಂದ ಅವನು ತನ್ನ ಸಿಟ್ಟನ್ನೆಲ್ಲ ಗಾಜಿನ ಮೇಲೆ ತೀರಿಸಿದ. ಹೊಲಸು ಅಂತೀರಾ? ನೋಡ್ರಿ ಹಾಗಾದರೆ! ಒಂದು ಸಲ ತಿಕ್ಕುತ್ತಿದ್ದದ್ದನ್ನು ಎರಡು ಸಲ ತಿಕ್ಕಿದ. ಕಡೇ ನೀರಿಗೆ ಹಾಕುತ್ತಿದ್ದ ಚಿಟಿಕೆ ಹಿಡಿಯಾಯಿತು. ಸ್ಟೋರಿನ ರಂಗಣ್ಣ ಸೋಪಿನ ಪುಡಿಯ ಡಬ್ಬಿ ಬಗ್ಗಿಸಿ ನೋಡಿ, ಕಣ್ಣು ಕಿರಿದು ಮಾಡಿದ.

“ಏನೋ ದುರುಗಾ, ಗಾಜು ತೊಳಿಯಾಕತ್ತೀಯೋ, ಇಲ್ಲ ಓಣಿ ಮಂದಿ ಬಟ್ಟಿ ಇಲ್ಲೇ ಒಗಿಯಾಕತ್ತೀಯೋ? ಹಳೇ ದಂಧೆ ಸುರು ಮಾಡಿದಂಗ ಕಾಣತೈತಿ.”

“ನಿನ್ನ ಡಬ್ಬಿ ನೀನೇ ತಲಿದಿಂಬು ಮಾಡಿಕೋಳಲೇ!” ಅಂದ ದುರುಗಣ್ಣ. “ನಾಳೆಯಿಂದ ನನ್ನ ರೊಕ್ಕದಾಗ ತರತೀನಿ.”

ಅಂದಂತೆ ತಂದ. ಉಚ್ಚೆಂಗೆಮ್ಮ ಮನೆಯಲ್ಲಿ ಕೂಗಾಡಿದಳು: “ಮನ್ಯಾಗ ಮಕ್ಕಳ ಅಂಗಿಗೆ ಸೋಪಿಲ್ಲ, ಇಂವ ಸರಕಾರದ ಬಾಟ್ಲಿಗೆ ಸೋಪು ಒಯ್ಯತಾನ!” ಅವನ ಕಣ್ಣಿಗೆ ಗಾಜು ಈಗ ಕನ್ನಡಿಯಂತೆ ಹೊಳೆಯುತ್ತಿತ್ತು. ಸಾಹೇಬರು ಇನ್ನೊಮ್ಮೆ ಬೆಳಕಿಗೆ ಹಿಡಿಯಲಿ ಎಂದು ಅವನು ಕಾದೇ ಕಾದ. ಅವರು ಹಿಡಿಯಲಿಲ್ಲ. ಇತ್ತ ತಟ್ಟೆಯ ಮೇಲೆ ಬೀಳುತ್ತಿದ್ದ ಒಂದೆರಡು ಚುಕ್ಕೆಯೂ ನಿಂತುಹೋದವು. ಅಕ್ಕನಾಗಮ್ಮ ಪೆಟ್ಟಿಗೆಯ ಬಾಗಿಲು ತೆಗೆಯುವುದು, ಮುಚ್ಚುವುದು, ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸುವುದು, ಇಷ್ಟೇ ಆಯಿತು.

ಬೇಸಿಗೆಗೆ ಕುರುಗೋಡಿನಲ್ಲಿ ದೊಡ್ಡಪ್ಪನ ಮಗಳ ಮದುವೆ ಬಂತು. ಮದುವೆಯ ಬಟ್ಟೆ ಮನೆಯವರೇ ಒಗೆಯಬೇಕಾದ್ದರಿಂದ ದುರುಗಣ್ಣ ಕೂಲಿ ಹೋದರೆ ಹೋಯಿತೆಂದು ಒಂದು ವಾರ ಊರಿಗೆ ಹೋದ. ತಿರುಗಿ ಬಂದಾಗ ಪ್ರಯೋಗಶಾಲೆಯಲ್ಲಿ ಹಬ್ಬದ ಕಳೆ. ಅಕ್ಕನಾಗಮ್ಮ ಅವನನ್ನು ಕೈಬೀಸಿ ಕರೆದಳು.

“ಬರ್ರಿ ದುರುಗಣ್ಣ, ಜಲ್ದಿ ಬರ್ರಿ! ನೋಡ್ರಿ ಇಲ್ಲಿ!”

ತಟ್ಟೆಯ ತುಂಬ ಚುಕ್ಕೆ. ಎಣಿಸಲಾಗದಷ್ಟು. ಅವಳ ಕಣ್ಣಿನಲ್ಲಿ ನೀರು ಬಂದಿತ್ತು. ದುರುಗಣ್ಣನಿಗೂ ಎದೆ ತುಂಬಿತು. “ಅಂತೂ ನಿಮ್ಮ ಕೂಸು ಬಾಯಿ ಬಿಡ್ತು ಬಿಡ್ರಿ,” ಅಂದ. ಮದುವೆಯ ಉಂಡೆ ಕಟ್ಟಿಸಿಕೊಂಡು ಬಂದಿದ್ದ, ಅದನ್ನು ಕೊಟ್ಟ. ಆಮೇಲೆ ಹೊರಗೆ ಹೋಗಿ ನೋಡಿದರೆ, ತೊಟ್ಟಿಯ ಪಕ್ಕದಲ್ಲಿ ಬೋರಲು ಹಾಕಿದ್ದ ಗಾಜಿನ ಮೈಮೇಲೆಲ್ಲ ಬಿಳಿ ಚುಕ್ಕೆ. ತಾನಿಲ್ಲದಾಗ ಅಮ್ಮಾರು ಬರೀ ನಳದ ನೀರಿನಲ್ಲಿ ಅದ್ದಿ ತೆಗೆದಿದ್ದಾರೆ ಎಂದು ತಿಳಿಯಿತು. ಪಾಪ, ತೊಳೆದು ಗೊತ್ತಿಲ್ಲದ ಕೈ. ಅವನು ಪ್ರೀತಿಯಿಂದ ಅವನ್ನೆಲ್ಲ ಎತ್ತಿಕೊಂಡು, ಹಿಡಿ ಹಿಡಿ ಪುಡಿ ಹಾಕಿ, ಹೊಳೆಯುವಂತೆ ತೊಳೆದಿಟ್ಟ.

ಮುಂದಿನ ತಟ್ಟೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಅದರ ಮುಂದಿನದರಲ್ಲೂ ಇರಲಿಲ್ಲ.

ಅಕ್ಕನಾಗಮ್ಮ ಈ ಸಲ ಕನ್ನಡಕ ಒರೆಸಲಿಲ್ಲ. ಸುಮ್ಮನೆ ಎದ್ದು ಹೊರಗೆ ಬಂದು, ತೊಟ್ಟಿಯ ಹತ್ತಿರದ ಬೇವಿನ ಮರದ ನೆರಳಿನಲ್ಲಿ ನಿಂತು ಅವನು ತೊಳೆಯುವುದನ್ನು ನೋಡಿದಳು. ಯಾರಾದರೂ ನೋಡುತ್ತಿದ್ದರೆ ದುರುಗಣ್ಣ ಕಡೇ ನೀರು ಮಾಡುತ್ತಿರಲಿಲ್ಲ. ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತಾ ಕೂತ.

“ಆಮ್ಯಾಲ ಏನು ಮಾಡತೀರಿ?” ಅಂದಳು.

“ಏನಿಲ್ರಿ. ಜಾಲಾಡಿ ಬೋರಲ ಹಾಕತೀನಿ.”

“ಬರೇ ನೀರಾಗ?”

“ಮತ್ತೇನು ಹಾಲಿನ್ಯಾಗ ಜಾಲಾಡಲೇನ್ರಿ?”

“ದುರುಗಣ್ಣ, ಬರೇ ನೀರಾಗ ತೊಳದ ಗಾಜು ನಾನು ನೋಡೀನಿ. ಅದರ ಮ್ಯಾಲ ಬಿಳಿ ಕಲೆ ಇರತಾವ. ನಿಮ್ಮವುಕ್ಕ ಇರಂಗಿಲ್ಲ. ನೀರಿಗೆ ಏನೋ ಹಾಕತೀರಿ ನೀವು.”

ದುರುಗಣ್ಣ ಎದ್ದು ನಿಂತ. ಕೈಯಲ್ಲಿದ್ದ ಬ್ರಷ್ಷನ್ನು ತೊಟ್ಟಿಗೆ ಎಸೆದ. ಗಂಟು ಬಿಚ್ಚಿಯೇ ಹೋಯಿತು.

“ಹಾಕತೀನ್ರಿ! ಏನೀಗ? ನಮ್ಮವ್ವ ಹಾಕತಿದ್ಲು, ನಾ ಹಾಕತೀನಿ. ಆತ ಬಂದು ಮಂದಿ ಮುಂದ ಹೊಲಸು ಅಂದ, ಈಗ ನೀವು ಬಂದು ಹೊಳಪು ಯಾಕಂತೀರಿ. ತಟ್ಟ್ಯಾಗ ಬೆಳಿ ಬಂದ್ರ ನಿಮ್ಮ ವಿದ್ಯೆ, ಬರದಿದ್ರ ಅಗಸರವನ ಕೈ! ಇಷ್ಟು ವರ್ಷ ತೊಳದೀನಿ, ಹಿಂಗ ತೊಳೀಬೇಕು, ಹಿಂಗ ತೊಳೀಬಾರ್ದು ಅಂತ ಒಬ್ಬರಾದ್ರೂ ಬಾಯಿ ಬಿಟ್ಟು ಹೇಳೀರೇನು? ಆಂ?”

ಅವಳು ಬೆದರಲಿಲ್ಲ, ಸಿಟ್ಟಾಗಲೂ ಇಲ್ಲ. ಬಿಸಿಲಿಗೆ ಬಾಡಿದ ಮುಖದಲ್ಲಿ ಹಾಗೆಯೇ ನಿಂತು, “ಇಲ್ಲ. ಯಾರೂ ಹೇಳಿಲ್ಲ. ಅದು ನಮ್ಮ ತಪ್ಪು,” ಅಂದಳು. “ಒಂದು ಕೆಲಸ ಮಾಡೋಣು. ಒಂದು ಜೊತಿ ಗಾಜು ನೀವು ನಿಮ್ಮಂಗ ತೊಳೀರಿ. ಒಂದು ಜೊತಿ ಬರೇ ನೀರಾಗ ನಾ ತೊಳೀತೀನಿ. ಅದೇ ಹುಳ, ಅದೇ ಉಂಗುರ, ಅದೇ ಐಸು. ಬೆಳಿಗ್ಗಿ ಇಬ್ಬರೂ ಕೂಡೇ ನೋಡೋಣು. ನಿಮ್ಮ ಕಡೇ ನೀರಿನ್ಯಾಗ ಏನೈತಿ ಅಂತ ನಾ ಕೇಳಂಗಿಲ್ಲ.”

ಕೇಳುವುದಿಲ್ಲ ಅಂದಳಲ್ಲ, ಅದಕ್ಕೇ ಅವನು ಹೇಳಿಬಿಟ್ಟ. “ಸೋಪಿನ ಪುಡಿರಿ,” ಅಂದ, ನೆಲ ನೋಡುತ್ತಾ.

ಅಕ್ಕನಾಗಮ್ಮ ಹಣೆಗೆ ಕೈ ಹಚ್ಚಿಕೊಂಡಳು. ಐಸಿನ ಮೇಲೆ ಮರಗಟ್ಟಿ ಕೂತ ಹುಳದ ಮೈಪೊರೆ ಮೊದಲೇ ತೆಳುವಾಗಿರುತ್ತದೆ, ಅದಕ್ಕೆ ಸೋಪಿನ ವಾಸನೆ ತಗುಲಿದರೂ ಸಾಕು, ಬಟ್ಟೆಯ ಜಿಡ್ಡು ಬಿಟ್ಟಂತೆ ಪೊರೆ ಬಿಟ್ಟು ಹುಳ ಸತ್ತುಹೋಗುತ್ತದೆ ಎಂದು ಹೇಳಿದಳು. ಐಸಿಗೆ ಇಡದ ಗಟ್ಟಿ ಮೈಯ ಹುಳ ಬೆಳೆಸುವ ಉಳಿದವರಿಗೆ ಇಷ್ಟು ದಿನ ಅದು ಗೊತ್ತಾಗದೆ ಹೋಗಿತ್ತು. ಆದರೂ ಬರೀ ಮಾತಿನ ಮೇಲೆ ದುರುಗಣ್ಣ ಒಪ್ಪುವ ಆಸಾಮಿಯಲ್ಲ ಎಂದು ಅವಳಿಗೆ ಗೊತ್ತಿತ್ತು, ಅಂದಂತೆಯೇ ಎರಡೂ ತಟ್ಟೆ ಮಾಡಿದಳು.

ಬೆಳಿಗ್ಗೆ ಇಬ್ಬರೂ ಕೂಡಿ ಪೆಟ್ಟಿಗೆ ತೆಗೆದರು. ಅವಳು ತೊಳೆದ ಗಾಜಿನ ತಟ್ಟೆಯಲ್ಲಿ ಚುಕ್ಕೆ ಚೆಲ್ಲಾಡಿದ್ದವು. ಅವನು ತೊಳೆದ ಗಾಜಿನ ತಟ್ಟೆ ಈಗ ತಾನೇ ಸಾರಿಸಿದ ನೆಲದಂತಿತ್ತು. ದುರುಗಣ್ಣ ಎರಡನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಬೈಯಲು ಯಾರೂ ಸಿಗಲಿಲ್ಲ. ಸ್ಟೂಲಿನ ಮೇಲೆ ಕೂತ. ಇಷ್ಟು ವರ್ಷ ತಾನು ಹೊಳೆಯಿಸಿದ ಗಾಜೆಲ್ಲ ಕಣ್ಣ ಮುಂದೆ ಬಂತು.

ಆ ಹೊತ್ತಿಗೇ ವಿರೂಪಾಕ್ಷಪ್ಪನವರು ಒಳಗೆ ಬಂದರು. ಎರಡು ತಟ್ಟೆ ನೋಡಿದರು, ಇಬ್ಬರ ಮುಖ ನೋಡಿದರು. ಏನು ಎತ್ತ ಎಂದು ಕೇಳಿದರು. ಗಾಜಿಗೆ ಸೋಪು ಉಳಿದಿತ್ತು ಎಂದು ಅಕ್ಕನಾಗಮ್ಮ ಹೇಳಿದ್ದೇ ತಡ, ಅವರ ಕತ್ತಿನ ನರ ಉಬ್ಬಿತು.

“ಸೋಪು? ಒಂದು ವರ್ಷದ ಕೆಲಸ ಸೋಪಿನ ನೀರಿನ್ಯಾಗ ಹೋತಾ? ಯಾರು ಹಾಕಿದ್ದು? ಇಂವನಾ? ಇಂವನ ಖಾಯಂ ಕಾಗದ ನನ್ನ ಮೇಜಿನ ಮ್ಯಾಲೇ ಐತಿ, ಈಗಿಂದೀಗ ಹರದು ಒಗಿತೀನಿ!”

“ಇಲ್ಲ ಸರ್,” ಅಂದಳು ಅಕ್ಕನಾಗಮ್ಮ. “ನಾನೇ ಹಾಕಾಕ ಹೇಳಿದ್ದೆ. ಬಿಳಿ ಕಲೆ ಹೋಗಲಿ ಅಂತ. ಅವರು ನಾ ಹೇಳಿದಂಗ ಮಾಡ್ಯಾರ.”

ವಿರೂಪಾಕ್ಷಪ್ಪನವರು ಅವಳನ್ನೇ ನೋಡಿದರು. “ನೀನಾ? ಓದಿದಾಕಿ ನೀನು!”

“ಹೌದು ಸರ್. ತಪ್ಪಾತು.”

ಸಂತೆಯಲ್ಲಿ ತಕ್ಕಡಿಯವನ ಜೊತೆ, ಬಸ್ಸಿನಲ್ಲಿ ಕಂಡಕ್ಟರನ ಜೊತೆ, ಓಣಿಯ ನಳದ ಹತ್ತಿರ ಹೆಂಗಸರ ಜೊತೆ ಕೂಡ ಜಗಳ ತೆಗೆಯುವ ದುರುಗಣ್ಣ, ಸಣ್ಣದಕ್ಕೂ ದೊಡ್ಡದಕ್ಕೂ ಗಂಟಲು ಹರಿದುಕೊಳ್ಳುವ ದುರುಗಣ್ಣ, ಆವತ್ತು ಸ್ಟೂಲಿನಿಂದ ಎದ್ದು ನಿಂತವನು ಬಾಯಿ ತೆರೆಯಲಿಲ್ಲ. ಖಾಯಂ ಕಾಗದ ಅನ್ನುವ ಒಂದೇ ಮಾತು ಅವನ ಕಿವಿಯಲ್ಲಿ ನಿಂತಿತ್ತು. ಸಾಹೇಬರು ಬಾಗಿಲು ಬಡಿದುಕೊಂಡು ಹೋದರು. ಅವಳು ತಟ್ಟೆಗಳನ್ನು ಒಳಗಿಟ್ಟಳು.

“ಅಮ್ಮಾರ...” ಅಂದ ಅವನು.

“ಸುಮ್ಮನಿರ್ರಿ,” ಅಂದಳು. “ನನಗೇನು, ನಾಲ್ಕು ದಿನ ಮಾತು ಬಿಡತಾರ, ಆಮ್ಯಾಲ ಸರಿ ಹೋಗತಾರ. ನಿಮಗ ಈ ಬಾಗಿಲು ಮುಚ್ಚಿದ್ರ ಮತ್ತೊಂದು ಇಲ್ಲ. ನಾಳೆಯಿಂದ ಬರೇ ನೀರು ಸಾಕು. ಕಲೆ ಇದ್ರ ಇರಲಿ.”

ಅವಳ ಲೆಕ್ಕ ತಪ್ಪಿತು. ಸಹಿ ಬಿತ್ತು, ದುರುಗಣ್ಣ ಖಾಯಂ ಆದ. ಆದರೆ ಸಾಹೇಬರು ಸರಿ ಹೋಗಲಿಲ್ಲ. ಸೋಪಿಗೂ ನೀರಿಗೂ ವ್ಯತ್ಯಾಸ ತಿಳಿಯದವಳ ಕೈಗೆ ರಾರಾವಿಯ ಉಂಗುರ ಕೊಡುವುದು ಹೇಗೆ ಅಂದರಂತೆ. ಅವಳ ಅವಧಿ ಮುಗಿದಾಗ ಮುಂದುವರಿಸಲಿಲ್ಲ. ಎಲ್ಲಾದರೂ ಬೇರೆ ಕಡೆ ಓದುತ್ತೇನೆ ಎಂದು ಅವಳು ಅಂದುಕೊಂಡಿದ್ದಳೇನೋ. ಸಿರುಗುಪ್ಪದಲ್ಲಿ ಕೊಟ್ರಬಸಪ್ಪನವರು ಓದಿದ್ದು ಸಾಕು ಅಂದರು. ಸಿರಿಗೇರಿಯ ಒಂದು ಮನೆಗೆ ಕೊಟ್ಟು ಮದುವೆ ಮಾಡಿದರು. ಪ್ರಯೋಗಶಾಲೆಗೆ ಅವಳ ಜಾಗದಲ್ಲಿ ಇನ್ನೊಬ್ಬ ಹುಡುಗ ಬಂದ. ಬರೀ ನೀರಿನಲ್ಲಿ ತೊಳೆದ ಗಾಜು, ಅಕ್ಕನಾಗಮ್ಮ ಹದ ಮಾಡಿಟ್ಟು ಹೋದ ಐಸಿನ ಹೊತ್ತು, ಬಿಸಿಯ ಹೊತ್ತು, ಎಲ್ಲ ಅವನಿಗೆ ಸಿದ್ಧವಾಗಿ ಸಿಕ್ಕಿತು. ಸಾಧು ಹುಳಗಳು ರಾರಾವಿಯ ಉಂಗುರ ತೆಗೆದುಕೊಂಡವು, ಔಷಧದಲ್ಲಿ ಮುಳುಗಿ ಎದ್ದು ನಿಂತವು. ಕಳ್ಳ ಸಿಕ್ಕಿದ. ದೊಡ್ಡ ದೊಡ್ಡ ಊರಿನವರು ಬಂದು ನೋಡಿ ಹೋದರು. ವಿರೂಪಾಕ್ಷಪ್ಪನವರು ತಟ್ಟೆ ಎತ್ತಿ ತೋರಿಸುವಾಗ ದುರುಗಣ್ಣ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ. ಹೊಲಸು ಅಂದದ್ದು ತಪ್ಪು, ಅದು ಹೊಲಸಲ್ಲ, ಸೋಪು ಎಂದು ಅವರು ಈಗಲಾದರೂ ಅಂದಾರು ಎಂದು ಕಾಯುತ್ತಿದ್ದ. ಅವರಿಗೆ ಅಂಥ ಮಾತು ಅಂದದ್ದೇ ನೆನಪಿರಲಿಲ್ಲ.

ಖಾಯಂ ಆದ ಮೇಲೆ ಸಿಟ್ಟಿನ ಗಂಟು ಬಿಚ್ಚಬಹುದಾಗಿತ್ತು. “ಬಿಚ್ಚೋ ಮಾರಾಯ, ಈಗ್ಯಾರ ಅಂಜಿಕಿ?” ಅಂದಳು ಉಚ್ಚೆಂಗೆಮ್ಮ. ಯಾಕೋ ಮನಸ್ಸಾಗಲಿಲ್ಲ. ಸಾಹೇಬರ ಕೋಣೆಯ ಬಾಗಿಲವರೆಗೆ ಎಷ್ಟೋ ಸಲ ಹೋದ, ಅಮ್ಮಾರದು ತಪ್ಪಿಲ್ಲ, ಸೋಪು ಹಾಕಿದ್ದು ನಾನೇ ಎಂದು ಹೇಳಬೇಕೆಂದು. ಒಳಗಿನಿಂದ “ಏನೋ?” ಎಂದು ಕೇಳಿಸಿದರೆ, “ಐಸು ತರಲೇನ್ರಿ?” ಎಂದು ಕೇಳಿ ಹಿಂದಕ್ಕೆ ಬರುತ್ತಿದ್ದ. ಮಕ್ಕಳು ಸಾಲೆಗೆ ಹೋಗುತ್ತಿದ್ದವು. ತಿಂಗಳ ಮೊದಲಿಗೆ ಸಂಬಳ ಬರುತ್ತಿತ್ತು.

ಅದಾದ ಮೇಲೆ ಒಮ್ಮೆ, ಇನ್ನೂ ಎಂಬತ್ತರ ದಶಕ ಮುಗಿದಿರಲಿಲ್ಲ, ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ಖಾಕಿ ಅಂಗಿ ಹಾಕಿಕೊಂಡು ಕುರುಗೋಡಿನ ಬಸ್ಸಿಗೆ ಕಾಯುತ್ತಿದ್ದಾಗ ಹಿಂದಿನಿಂದ ಯಾರೋ ಕರೆದರು.

“ದುರುಗಣ್ಣ ಅಲ್ಲೇನ್ರಿ? ಅರಾಮದೀರಿ?”

ಅಕ್ಕನಾಗಮ್ಮ. ಅದೇ ಕನ್ನಡಕ. ಸ್ವಲ್ಪ ಬಡವಾಗಿದ್ದಳು. ಸಿರಿಗೇರಿಯ ಸಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ ಅಂದಳು.

“ಅದೀನ್ರಿ ಅಮ್ಮಾರ,” ಅಂದ.

“ಹುಳ ಈಗ ಹ್ಯಾಂಗ ಬೆಳಿಯಾಕತ್ತಾವು?”

“ತಟ್ಟಿ ತುಂಬ ಬೀಳತಾವ್ರಿ. ಎಳ್ಳು ಚೆಲ್ಲಿದಂಗ.”

“ಹೌದಾ,” ಅಂದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ಚಲೋ ಆತು. ನಿಮ್ಮ ಮಕ್ಕಳು?”

“ಸಾಲಿಗೆ ಹೋಗತಾವ್ರಿ. ಅಮ್ಮಾರ, ಆವತ್ತು ನಾನು...”

ಸಿರಿಗೇರಿಯ ಬಸ್ಸು ಬಂದುಬಿಟ್ಟಿತು. ಕಿಟಕಿಯಿಂದ ಟವೆಲ್ಲು ಎಸೆಯುವವರು, ಬಾಗಿಲಲ್ಲಿ ಜೋತುಬೀಳುವವರು, ಮೂಟೆ ತುರುಕುವವರು. ಅವಳು ಚೀಲ ಎತ್ತಿಕೊಂಡು ಹೆಂಗಸರ ಹಿಂದೆ ಒಳಗೆ ಸೇರಿಕೊಂಡಳು. ದುರುಗಣ್ಣ ಗುಂಪಿನಲ್ಲಿ ಮೊಣಕೈ ಹಾಕಿ ನುಗ್ಗಿದ. ಅವನಿಗೆ ಬರುತ್ತಿದ್ದದ್ದು ಅದೊಂದೇ.

“ಲೇ, ಏಳಲೇ ಮ್ಯಾಲಕ! ಟವೆಲ್ ಒಗದ್ರ ಸೀಟು ನಿಮ್ಮಪ್ಪಂದಾತೇನು? ಯಾರು ನಿಂತಾರ ಗೊತ್ತೇನು ನಿನಗ? ಡಿಎನ್‌ಎ ಕಂಡಾಕಿ ಆಕಿ! ಏಳು!”

ಕೂತಿದ್ದವನು ಹೆದರಿ ಎದ್ದ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅಕ್ಕನಾಗಮ್ಮ ನಾಚಿಕೆಯಿಂದ ಕೆಂಪಾಗಿ, “ಯಾಕ್ರಿ ದುರುಗಣ್ಣ, ಬ್ಯಾಡ್ರಿ,” ಅನ್ನುತ್ತ ಕೂತಳು. ಅವನು ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿ ಅವನನ್ನು ಕೆಳಗೆ ಇಳಿಸಿದ.

ಬಸ್ಸು ಹೊರಟಿತು. ದುರುಗಣ್ಣ ಬಿಸಿಲಿನಲ್ಲಿ ನಿಂತು ನೋಡಿದ. ಸಿರುಗುಪ್ಪದ ರಸ್ತೆಗೆ ತಿರುಗುವಾಗ ಆ ಸೀಟಿನ ಕಿಟಕಿಯಲ್ಲಿ ಕಂಡದ್ದು ಕಂಕುಳಲ್ಲಿ ಕೂಸು ಹಿಡಿದ ಬೇರೊಬ್ಬ ಹೆಂಗಸಿನ ಮುಖ. ಅಕ್ಕನಾಗಮ್ಮ ಅವಳ ಆಚೆಗೆ ಮೇಲಿನ ಕಂಬಿ ಹಿಡಿದು ನಿಂತಿದ್ದಳು.